ಲೀಲಾಕ್ಷಿ ಮನ್ಯಾಗ ಮಕ್ಕಳು ಯಾಕ ಅಳೂದಿಲ್ಲ?

ಸಣ್ಣ ಮಕ್ಕಳಿರೋ ಮನಿ ಅಂದಮ್ಯಾಲ ಗದ್ದಲ ಇರಬೇಕೋ ಬ್ಯಾಡೋ? ಪುಣೆಯ ಕಸಬಾ ಪೇಟೆಯಾಗ, ಒಂದೇ ಅಂಗಳದ ಸುತ್ತ ಹತ್ತಾರು ಬಿಡಾರ ಇರೋ ಒಂದು ವಾಡೆದಾಗ, ಎದುರು ಖೋಲಿಯ ಎರಡು ಮಕ್ಕಳು ಮುಂಜಾನಿಂದ ಮಧ್ಯಾಹ್ನದ ತನಕ ಪಿಟ್ಟೆನ್ನೂದಿಲ್ಲ. ಧಾರವಾಡದಿಂದ ಬಂದು ನೆಲಸಿದ ರಾಧಾಬಾಯಿಗೆ ಅನುಮಾನ ಹತ್ತಿತು. ಅವರಿಗೆ ಅನುಮಾನ ಹತ್ತಿದ್ರ ಊಟ ಸುದ್ದಾ ಸೇರೂದಿಲ್ಲ.

"ಇಂದೂ, ಆ ಕರಾವಳಿ ಲೀಲಾಕ್ಷಿ ಗಂಡನ ಖಾನಾವಳಿಗೆ ದಿನಾ ಹಿಟ್ಟು ರುಬ್ಬತಾಳ. ಮಕ್ಕಳು ಒಮ್ಮೆನೂ ಕಾಡೂದಿಲ್ಲ ಅಂದ್ರ ಏನರ್ಥ? ಅಫೀಮಿನ ಗೋಳಿ ಕುಡಸತಾಳ ನೋಡು!"

ಸೊಸಿ ಇಂದೂ ಒಲಿ ಮುಂದಿನಿಂದ ತಲಿ ಎತ್ತಲಿಲ್ಲ. "ಮಂದಿ ಸುದ್ದಿ ನಮಗ್ಯಾಕ್ರಿ ಅತ್ಯಾ," ಅಂದಳು.

ಅಫೀಮಿನ ಗೋಳಿ ಅಂಗಡ್ಯಾಗ ಸಲೀಸಾಗಿ ಸಿಗತದ. ಹಾಲಾಗ ತೇದು ಕುಡಿಸಿದ್ರ ಕೂಸು ಮಲಗೇ ಬಿಡೂದು.

"ನಮ್ಮ ಬಾಳೂನ್ನ ನೋಡಿ ಕಲೀಬೇಕು," ಅಂತ ರಾಧಾಬಾಯಿ ಮೊಮ್ಮಗನ ಮ್ಯಾಲ ಬೀಗಿದ್ರು. "ಎರಡು ವರ್ಷದಾಂವ, ಮಡಿ ಅಡಿಗಿ ಮುಗಿಯೂತನಕ ತಣ್ಣಗ ಮಲಗಿರತಾನ."

ಅವರ ಮನ್ಯಾಗ ಮಡಿ ಭಾಳ ಬಿಗಿ. ಅಂಗಿ ತೊಟ್ಟ ಕೂಸು ಬಂದು ಮುಟ್ಟಿದ್ರ ಮಡಿ ಕೆಟ್ಟಂಗ, ಮತ್ತ ಸ್ನಾನ. ಅಂಗಿ ಕಳದು ಬಿಡೋಣಂದ್ರ ಪುಣೆಯ ಮಾಘದ ಥಂಡಿ.

ಮರುದಿನ ಮಡಿಸೀರಿ ಮ್ಯಾಲೇ ರಾಧಾಬಾಯಿ ಬೆಕ್ಕಿನ ಹೆಜ್ಜಿ ಹಾಕ್ಕೋತ ಎದುರು ಬಾಗಿಲಿಗೆ ಹೋದ್ರು. ಹೊಸ್ತಿಲ ಹೊರಗ ನಿಂತು ಇಣುಕಿದ್ರು. ಲೀಲಾಕ್ಷಿ ರುಬ್ಬಲಿಕ್ಕೆ ಕೂತಿದ್ದಳು. ಪಕ್ಕದಾಗ ಮಗ ಸದಾನಂದ ಹಸಿಮಣ್ಣಿನ ಇಡ್ಲಿ ತಟ್ಟತಿದ್ದ. ಮಗಳು ಹರಿಣಾಕ್ಷಿ ಪತ್ರಾವಳಿ ಎಲಿ ಹರದು, ಚಿಂದಿಗೊಂಬಿಗೆ ಬಡಿಸತಿದ್ದಳು.

"ಏನ ಕುಡಿಸೀಯವಾ ಇವಕ್ಕ?"

"ಎಂಥ ಕುಡಿಸುವುದು ಅಮ್ಮಾ? ಗಂಜಿ," ಲೀಲಾಕ್ಷಿ ನಕ್ಕಳು. "ಕುಂಬಾರರಲ್ಲಿ ಬೇಡಿ ತಂದ ಒಂದು ಮುದ್ದೆ ಮಣ್ಣು, ಹಳೇ ಸೀರೆಯ ಚಿಂದಿ, ಒಣಗಿದ ಎಲೆ. ಬೇಜಾರಾದರೆ ಒಂದನ್ನು ತೆಗೆದು ಇನ್ನೊಂದು ಕೊಡುವುದು. ನನ್ನ ಕಣ್ಣೆದುರೇ ಕೂರಬೇಕು. ಹುಣಸೆ ಬೀಜ ಮಾತ್ರ ಕೊಡುವುದಿಲ್ಲ, ಮೂಗಿಗೆ ತುರುಕಿಕೊಳ್ತಾರೆ."

"ಸುಳ್ಳ ಹೇಳಬ್ಯಾಡ! ಗೋಳಿ ಹಾಕಿಲ್ಲೇನು?"

ರುಬ್ಬುವ ಕೈ ನಿಂತಿತು. "ಗೋಳಿ ಕುಡಿದ ಮಗು ಆಡುವುದುಂಟಾ ಅಮ್ಮಾ? ಎಬ್ಬಿಸಿದರೂ ಏಳುವುದಿಲ್ಲ. ಅನ್ನ ಸೇರುವುದಿಲ್ಲ. ಕೈಕಾಲು ಕಡ್ಡಿ ಆಗ್ತದೆ."

ರಾಧಾಬಾಯಿ ತಟ್ಟನೆ ತಮ್ಮ ಬಾಗಿಲ ಕಡೆ ತಿರುಗಿದ್ರು. ಎಬ್ಬಿಸಿದ್ರೂ ಏಳದ ಕೂಸು ಯಾರ ಮನ್ಯಾಗದ? ಅನ್ನ ಸೇರದ ಕೂಸು ಯಾರದು? ತಮ್ಮ ಎಲಿಯಾಗ ಹೆಗ್ಗಣ ಸತ್ತು ಬಿದ್ದಿತ್ತು, ಇವರು ಮಂದಿ ಎಲಿಯಾಗಿನ ನೊಣ ಹುಡುಕಲಿಕ್ಕೆ ಹೊಂಟಿದ್ರು!

ಓಡಿ ಬಂದು ತೊಟ್ಟಿಲದಾಗ ಬಾಳೂನ ಗಲ್ಲ ತಟ್ಟಿದ್ರು. ಕಣ್ಣು ತೆಗೀಲಿಲ್ಲ. ತುಟಿ ನೀಲಿ ಆಗಿತ್ತು.

"ಇಂದೂ! ಖರೇ ಹೇಳು!"

ಇಂದೂ ಗೋಳೋ ಅಂತ ಅತ್ತಳು. "ಅತ್ತರ ನೀವು ಬೈತೀರಿ. ಎತ್ತಿಕೊಂಡ್ರ ಮಡಿ ಕೆಡತದ. ನಾ ಏನ ಮಾಡ್ಲಿ? ಇವತ್ತ ಒಂದು ಗೋಳಿಗೆ ಮಲಗಲಿಲ್ರಿ, ಇನ್ನೊಂದು ಹಾಕಿಬಿಟ್ಟೆ."

ರಾಧಾಬಾಯಿ ಕೂಸನ್ನ ಎದಿಗವಚಿಕೊಂಡು, ಮಡಿಸೀರಿ ಮ್ಯಾಲೇ ಟಾಂಗಾ ಹತ್ತಿ ಡಾಕ್ಟರ ಹತ್ರ ಓಡಿದ್ರು. ಯಾರು ಮುಟ್ಟಿದ್ರು, ಯಾರು ಬಿಟ್ರು, ಒಂದೂ ಎಚ್ಚರಿಲ್ಲ. ಸಂಜೀಕ ಬಾಳೂ ಕಿಟಾರನೆ ಕಿರಚಿದಾಗ ಅವರ ಜೀವ ವಾಪಸ ಬಂತು. "ಅಳೋ ನನ್ನಪ್ಪಾ, ಜೋರಾಗಿ ಅಳು!" ಅಂತ ತಾವೂ ಅತ್ತರು.

ಸೊಸಿಗೆ ಒಂದು ಮಾತು ಬೈಲಿಲ್ಲ. ಮರುದಿನ ತಾವೇ ಹೋಗಿ ಲೀಲಾಕ್ಷಿ ಹತ್ರ ಮಣ್ಣು ಇಸಕೊಂಡು ಬಂದು, ಅಡಿಗಿಮನಿ ಬಾಗಿಲದಾಗ ಬಾಳೂನ ಮುಂದ ಇಟ್ಟರು.

ತಾಯಂದಿರೇ, ಅತ್ತೆಯಂದಿರೇ, ಗೋಳಿ ಮನ್ಯಾಗಿದ್ರ ಈಗಿಂದೀಗ ಮೋರಿಗೆ ಎಸೀರಿ. ಕೂಸಿಗೆ ಮಣ್ಣು ಕೊಡ್ರಿ, ಚಿಂದಿ ಕೊಡ್ರಿ, ಎಲಿ ಕೊಡ್ರಿ, ನಿಮ್ಮ ಕಣ್ಣಮುಂದ ಕೂಡಿಸಿಕೊಳ್ರಿ. ಮಡಿ ಕೆಟ್ರ ಒಂದು ಕೊಡ ನೀರು ಸಾಕು. ಕೂಸು ಹೋದ್ರ ಎಲ್ಲಿಂದ ತರ್ತೀರಿ?