ರಾಹುಲನ ನಿದ್ದೆ

"ಬಾರೋ ಒಳಕ್ಕೆ, ನನ್ ಕೈಲಿ ಕೂರಕ್ಕಾಗ್ತಿಲ್ಲ!" ಜಯಮೇರಿ ಸ್ಮಶಾನದ ಒಳಗಿನಿಂದ ಕೂಗಿದಳು. ಗೇಟಿನ ಹೊರಗೆ ಸ್ಕೂಟರಿಗೆ ಒರಗಿ ನಿಂತಿದ್ದ ತಮ್ಮ ಮನೋಹರ್ ಅಲ್ಲಾಡಲಿಲ್ಲ.

ಏಳು ವರ್ಷಗಳಿಂದ, ಪ್ರತಿ ವರ್ಷ ಮೃತರ ಸ್ಮರಣೆಯ ದಿನ, ಅವನು ಅಕ್ಕನನ್ನು ಕುಂಬಾರಕೊಪ್ಪಲಿನಿಂದ ಸ್ಕೂಟರಿನಲ್ಲಿ ಕರೆತರುತ್ತಿದ್ದ. ಅವಳು ಮಗ ರಾಹುಲನ ಸಮಾಧಿ ತೊಳೆದು, ಚೆಂಡುಹೂವಿಟ್ಟು, ಫಾದರ್ ಬಂದು ಪ್ರಾರ್ಥಿಸಿ ಹೋಗುವವರೆಗೂ ಹೊರಗೇ ಕಾಯುತ್ತಿದ್ದ. ಇಬ್ಬರಿಗೂ ದೀಕ್ಷಾಸ್ನಾನ ಆದದ್ದು ಒಂದೇ ಕ್ಯಾಥೋಲಿಕ್ ಚರ್ಚಿನಲ್ಲಿ. ಆದರೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದಾಗ ಮನೋಹರ್ ಶನಿವಾರ ಆರಾಧನೆ ಮಾಡುವ ಸಭೆಯೊಂದನ್ನು ಸೇರಿದ್ದ. ಸತ್ತವರ ಆತ್ಮ ಎಲ್ಲಿಗೂ ಹೋಗುವುದಿಲ್ಲ, ಕ್ರಿಸ್ತ ಬಂದು ಎಬ್ಬಿಸುವವರೆಗೆ ಮನುಷ್ಯ ಏನೂ ಅರಿಯದೆ ಮಲಗಿರುತ್ತಾನೆ, ಅವನಿಗಾಗಿ ಪ್ರಾರ್ಥಿಸುವುದು ವ್ಯರ್ಥ ಎನ್ನುವವರು ಅವರು. ಈ ಮಾತು ಕೇಳಿದರೆ ಜಯಮೇರಿಗೆ ಮೈಯೆಲ್ಲ ಉರಿಯುತ್ತಿತ್ತು. ಮಗನ ಆತ್ಮ ಸ್ವರ್ಗಕ್ಕೆ ಮುಂಚೆ ಪಾಪ ಕಳೆಯುವ ಶುದ್ಧೀಕರಣ ಸ್ಥಳದಲ್ಲಿದೆ, ತನ್ನ ಜಪಸರ, ಚರ್ಚಿನಲ್ಲಿ ತಾನು ಮಾಡಿಸುವ ಪೂಜೆಗಳೇ ಅದನ್ನು ಮೆಲ್ಲಗೆ ಮೇಲಕ್ಕೆತ್ತುತ್ತಿವೆ ಎಂದು ಅವಳು ನಂಬಿದ್ದಳು. ಇದೇ ಜಗಳದಲ್ಲಿ ಎರಡು ಕ್ರಿಸ್ಮಸ್‌ಗೆ ಅಕ್ಕ ತಮ್ಮ ಒಟ್ಟಿಗೆ ಊಟ ಮಾಡಿರಲಿಲ್ಲ.

"ಮಂಡಿ ಬಗ್ತಿಲ್ಲ ಕಣೋ. ನಿಮ್ ಪಾಸ್ಟರ್‌ಗೆ ನಾನೇನೂ ಹೇಳಲ್ಲ, ಬಾ."

ಅವನು ಒಳಗೆ ಹೋದ. ಸಮಾಧಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬ್ರಷ್ ಹಿಡಿದ. ಕಲ್ಲಿನಲ್ಲಿ ಕೊರೆದ ಹೆಸರಿನ ಸಂದಿಗಳಲ್ಲೆಲ್ಲ ಪಾಚಿ ಕಟ್ಟಿತ್ತು. ಸುತ್ತ ಜನ ಹೂವು ಜೋಡಿಸುತ್ತಿದ್ದರು.

"ಮೊನ್ನೆ ಕನಸಲ್ಲಿ ಬಂದಿದ್ದ," ಎಂದಳು ಜಯಮೇರಿ, ಪಕ್ಕದ ಕಟ್ಟೆಗೆ ಆತು ನಿಂತು. "ನೀರು ಕೇಳ್ದ. ಕುಡಿದು ಗಾಡಿ ಓಡಿಸ್ದ, ಪಾಪನಿವೇದನೆ ಇಲ್ದೆ ಹೋದ, ಅದಕ್ ಮುಂಚೆ ನಾಕು ವರ್ಷ ಚರ್ಚ್ ಕಡೆ ತಲೆ ಹಾಕಿರ್ಲಿಲ್ಲ. ನಾನ್ ಮಾಡ್ಸೋ ಪೂಜೆ ಸಾಕಾಗ್ತಿದ್ಯೋ ಇಲ್ವೋ ಮನೋ?"

ವಾದಕ್ಕೆ ಬೇಕಾದ ಬೈಬಲ್ ವಾಕ್ಯಗಳೆಲ್ಲ ಮನೋಹರನಿಗೆ ಬಾಯಿಪಾಠವಾಗಿದ್ದವು. ಅವನ್ನೆಲ್ಲ ಬದಿಗಿಟ್ಟ.

"ಅವ್ನಿಗೆ ಬಾಯಾರಲ್ಲ ಅಕ್ಕ. ಮಲಗವ್ನೆ. ಮುಖದ ತುಂಬ ಚಾದರ ಎಳ್ಕೊಂಡು ಮಲಗ್ತಿದ್ನಲ್ಲ, ಹಂಗೆ."

ಬೈಗುಳ ಬರುತ್ತದೆಂದು ಅವನು ಕಾದ. ಅವಳು ಕಲ್ಲಿನ ಮೇಲಿನ ಹೆಸರನ್ನು ನೋಡಿದಳು.

"ಒಂದ್ಸಲ ಕರೆದ್ರೆ ಏಳೋನಲ್ಲ ಕಣೋ ಅವ್ನು."

"ಎಬ್ಸೋನು ಎರಡ್ಸಲ ಕರೀತಾನೆ ಬುಡಕ್ಕ."

ಅವಳಿಗೆ ನಗು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವ್ನು ಏನ್ ಒಳ್ಳೇದ್ ಮಾಡಿದ್ದ ಅಂತ ಕರೀತಾನೆ?"

"ಮಾಡಿದ್ದಕ್ಕೆ ಕೊಟ್ರೆ ಅದು ಸಂಬಳ ಆಯ್ತದೆ ಅಕ್ಕ. ಕೃಪೆ ಎಂಗಾಯ್ತದೆ?"

ಹೇಳಿ ಅವನು ಬ್ರಷ್ ಉಜ್ಜುವುದನ್ನು ನಿಲ್ಲಿಸಿದ. ರಾಹುಲನಿಗೆ ಅವನು ಹೇಳಿದ್ದು ಇದನ್ನಲ್ಲ. ಅಪಘಾತವಾದ ಭಾನುವಾರ ಸಂಜೆ ಹುಡುಗ ಹೆಂಡದ ವಾಸನೆ ಹೊಡೆಯುತ್ತಲೇ ಇವನ ಮನೆ ಬಾಗಿಲಿಗೆ ಬಂದಿದ್ದ. ಮನೋಹರ್ ಸ್ಮಶಾನದ ಗೇಟಿನ ಹೊರಗೆ ನಿಲ್ಲುತ್ತಿದ್ದದ್ದು ಸಭೆಯ ನಂಬಿಕೆಯಿಂದಲೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅವನೂ ಹಾಗೆಯೇ ಹೇಳಿಕೊಂಡು ಬಂದಿದ್ದ.

"ಅಕ್ಕ," ಎಂದ, ತಲೆ ಎತ್ತದೆ. "ಸಾಯೋ ದಿನ ರಾಹುಲ ನಮ್ಮನೆಗೆ ಬಂದಿದ್ದ. ನಾನ್ ಒಳಗೆ ಬಿಡ್ಲಿಲ್ಲ. ನಿಂಗೆ ರಕ್ಷಣೆ ಇಲ್ಲ ಹೋಗು ಅಂದ್ಬುಟ್ಟೆ. ಸರಿ ಮಾವ ಅಂದ. ಗಾಡಿ ಸ್ಟಾರ್ಟ್ ಮಾಡ್ಕೊಂಡು ರಿಂಗ್ ರೋಡ್ ಕಡೆ ಹೋದ."

ಜಯಮೇರಿ ತಮ್ಮನ ಕಡೆ ತಿರುಗಿದಳು.

"ಊಟ ಮಾಡಿದ್ನಾ?"

"ಇಲ್ಲ. ಹಸಿವು ಅಂತಲೇ ಬಂದಿದ್ದ."

ಅವಳು ಅತ್ತ ತಿರುಗಿಕೊಂಡಳು. ಮನೋಹರ್ ಬ್ರಷ್ಷನ್ನು ನೀರಿನಲ್ಲಿ ಅದ್ದಿದ, ತೆಗೆದ, ಮತ್ತೆ ಅದ್ದಿದ.

"ದಿನಾ ಬೆಳಗ್ಗೆ ಅವ್ನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ. ನಮ್ ಸಭೇಲಿ ಮಾಡಂಗಿಲ್ಲ. ಅದ್ರಿಂದ ಅವ್ನಿಗೇನೂ ಆಗಲ್ಲ ಅಂತ ನಾನೇ ಎಷ್ಟೋ ಜನಕ್ಕೆ ಬೋಧನೆ ಮಾಡಿದೀನಿ. ಆದ್ರೂ ಮಾಡ್ತೀನಿ. ಬಾಯಿ ಬಿಟ್ಟು ಹೆಸರು ಹೇಳಿ ಮಾಡ್ತೀನಿ ಅಕ್ಕ."

ದೂರದಲ್ಲಿ ಫಾದರ್ ಸಾಲು ಸಾಲಾಗಿ ಸಮಾಧಿಗಳನ್ನು ಆಶೀರ್ವದಿಸುತ್ತ ಬರುತ್ತಿದ್ದರು. ಅವರು ಈ ಸಾಲಿಗೆ ತಿರುಗಿದಾಗ ಜಯಮೇರಿ ಚೀಲದಿಂದ ಮೇಣದಬತ್ತಿ, ಬೆಂಕಿಪೊಟ್ಟಣ ತೆಗೆದು ತಮ್ಮನ ಮುಂದೆ ಹಿಡಿದಳು. ಅವಳ ಕಣ್ಣು ಕೆಂಪಗಿತ್ತು.

"ಗಾಳಿ ಐತೆ. ಕೈ ಅಡ್ಡ ಇಟ್ಟು ಹಚ್ಚು."

ಮೊದಲ ಎರಡು ಕಡ್ಡಿ ಆರಿಹೋದವು. ಮೂರನೆಯದಕ್ಕೆ ಬತ್ತಿ ಹತ್ತಿತು. ಫಾದರ್ ಹತ್ತಿರ ಬಂದರು. ಮನೋಹರ್ ಎದ್ದು ಪಕ್ಕಕ್ಕೆ ಸರಿಯಬೇಕೆಂದುಕೊಂಡ. ಆದರೆ ನೋಯುವ ಮಂಡಿಯ ಭಾರವನ್ನೆಲ್ಲ ಹೊರಿಸಿ ಅಕ್ಕ ಅವನ ಹೆಗಲ ಮೇಲೆ ಕೈಯೂರಿ ನಿಂತಿದ್ದಳು.

ತೀರ್ಥದ ಹನಿಗಳು ಕಲ್ಲಿನ ಮೇಲೆ, ಹೂವಿನ ಮೇಲೆ, ಅವನ ಬೋಳುತಲೆಯ ಮೇಲೆ ಬಿದ್ದವು. ಒಂದು ಹನಿ ಕಿವಿಯ ಹಿಂದಿನಿಂದ ಇಳಿದು ಅಂಗಿಯ ಕಾಲರಿನೊಳಗೆ ಹೋಯಿತು. ಅವನು ಒರೆಸಿಕೊಳ್ಳಲಿಲ್ಲ.