ಇಪ್ಪತ್ನಾಲ್ಕು ಸಾವಿರದ ಐನೂರು

ಕಲ್ಲೇಶಪ್ಪನವರು ಎಂಜಲು ಕೈಯಲ್ಲಿ ಕಾಗೆ ಓಡಿಸುವವರಲ್ಲ. ಇದು ಶನಿವಾರಸಂತೆಯ ಅಂಗಡಿಯವರಿಗೆಲ್ಲ ಗೊತ್ತು, ಅವರ ಹೆಂಡತಿ ಚನ್ನಬಸಮ್ಮನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅಂಥವರು ತಾವಾಗಿಯೇ ಪೇಟೆಗೆ ಹೋಗಿ, ಮನೆಗೆ ಸಿಸಿ ಕ್ಯಾಮೆರಾ ಹಾಕಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿದರೆಂದರೆ ಊರಲ್ಲಿ ಮೆಣಸಿನ ಕಳ್ಳತನ ಯಾವ ಮಟ್ಟಕ್ಕೆ ಹೋಗಿತ್ತು ಎಂದು ನೀವೇ ಯೋಚಿಸಿ. ಕಾಳುಮೆಣಸಿಗೆ ರೇಟು ಬಂದ ವರ್ಷ ಅದು. ಬಳ್ಳಿಯಲ್ಲಿದ್ದದ್ದು ಬಳ್ಳಿಯಿಂದ, ಕಣದಲ್ಲಿ ಒಣಗುತ್ತಿದ್ದದ್ದು ಕಣದಿಂದ ಮಾಯವಾಗುತ್ತಿತ್ತು.

ಕ್ಯಾಮೆರಾ ಅಂಗಡಿಯ ಕೀರ್ತಿಕುಮಾರ್ ಟೇಪು ಹಿಡಿದು ಬಂದು ಮನೆಯ ಸುತ್ತ ಅಳೆದ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಲೆಕ್ಕ ಒಪ್ಪಿಸಿದ.

"ನಾಲ್ಕು ಕ್ಯಾಮೆರಾ, ರೆಕಾರ್ಡ್ ಮಾಡಕ್ಕೆ ಒಂದು ಡಿವಿಆರ್, ಹಾರ್ಡ್ ಡಿಸ್ಕು, ತೊಂಬತ್ತು ಮೀಟರ್ ವೈರು, ಕೂರಿಸೋ ಚಾರ್ಜು. ಕರೆಂಟ್ ಹೋದಾಗ್ಲೂ ಓಡ್ಬೇಕಲ್ಲ, ಅದಕ್ಕೊಂದು ಸಣ್ಣ ಯುಪಿಎಸ್ಸು. ಎಲ್ಲಾ ಸೇರಿ ಇಪ್ಪತ್ನಾಲ್ಕು ಸಾವಿರದ ಐನೂರು ಸಾರ್."

"ಒಂದೇ ಕ್ಯಾಮೆರಾ ಹಾಕಿದ್ರೆ?"

"ಒಂದು ಹಾಕಿದ್ರೂ ಡಿವಿಆರ್ ಬೇಕೇ ಬೇಕು. ಹನ್ನೆರಡಕ್ಕೆ ಕಮ್ಮಿ ಆಗಲ್ಲ. ವೈಫೈದು ಅಗ್ಗಕ್ಕೆ ಸಿಕ್ತದೆ, ಆದ್ರೆ ನಿಮ್ಮನೇಲಿ ನೆಟ್‌ವರ್ಕೇ ಇಲ್ವಲ್ಲ."

"ಸಿಡಿಲು ಹೊಡೆದ್ರೆ?"

"ಸಿಡಿಲಿಗೆ ಗ್ಯಾರಂಟಿ ಇಲ್ಲ ಸಾರ್."

ಸಿಡಿಲಿಗೆ ಗ್ಯಾರಂಟಿ ಇಲ್ಲದ ವಸ್ತುವನ್ನು ಈ ಸೀಮೆಯಲ್ಲಿ ಯಾವನಾದರೂ ದುಡ್ಡು ಕೊಟ್ಟು ಕೊಳ್ಳುತ್ತಾನೆಯೇ? ಕಲ್ಲೇಶಪ್ಪನವರು ಯೋಚನೆ ಮಾಡಿ ಹೇಳುತ್ತೇನೆ ಎಂದರು. ಹಾಗೆಂದರೆ ಇಲ್ಲವೆಂದೇ ಅರ್ಥ. ಕುಡಿಸಿದ ಕಾಫಿಯೂ ದಂಡವಾಯಿತಲ್ಲ ಎಂದು ಅವರಿಗೆ ಸಂಜೆಯವರೆಗೂ ಬೇಸರವಿತ್ತು.

ಮುಂದಿನ ವಾರ ಕಣ್ಣು ತೋರಿಸಲು ಹಾಸನಕ್ಕೆ ಹೋದವರಿಗೆ ಫುಟ್‌ಪಾತಿನಲ್ಲಿ ದಾರಿ ಸಿಕ್ಕಿತು. ಟಾರ್ಚು, ಚಾರ್ಜರುಗಳ ನಡುವೆ ಥೇಟ್ ಸಿಸಿ ಕ್ಯಾಮೆರಾದ ಹಾಗೆಯೇ ಇರುವ ಒಂದು ಡಬ್ಬಿ. ಎರಡು ಸೆಲ್ಲು ಹಾಕಿದರೆ ಕೆಂಪು ದೀಪ ಮಿಣುಕುತ್ತದೆ, ಒಳಗೆ ಗಾಳಿ ಬಿಟ್ಟರೆ ಇನ್ನೇನೂ ಇಲ್ಲ. ಮುನ್ನೂರೈವತ್ತು ಹೇಳಿದ್ದನ್ನು ಇನ್ನೂರೆಂಬತ್ತಕ್ಕೆ ಇಳಿಸಿ ತಂದರು.

ಶನಿವಾರ ಊರೆಲ್ಲ ಸಂತೆಗೆ ಹೋಗಿದ್ದಾಗ ತಾವೇ ಏಣಿ ಹತ್ತಿ ಅದನ್ನು ಮುಂಬಾಗಿಲ ಮೇಲೆ ಕೂರಿಸಿದರು. ಪಂಪ್‌ಸೆಟ್ಟಿನ ಹಳೇ ವೈರೊಂದನ್ನು ಅದಕ್ಕೆ ಸಿಕ್ಕಿಸಿ ಗೋಡೆಯ ತೂತಿನಿಂದ ಒಳಕ್ಕೆ ಬಿಟ್ಟರು. ಆ ವೈರು ಅಟ್ಟದ ಮೇಲಿನ ಬೆಲ್ಲದ ಡಬ್ಬದ ಹಿಂದೆ ಹೋಗಿ ಮುಗಿಯುತ್ತಿತ್ತು.

"ಇದು ಯಾರಿಗೆ ಮೋಸ ಮಾಡಕ್ಕೆ ರೀ?" ಏಣಿ ಹಿಡಿದಿದ್ದ ಚನ್ನಬಸಮ್ಮ ಕೇಳಿದರು.

"ಕಳ್ಳರಿಗೆ."

"ಕಳ್ಳರಿಗಿಂತ ಮುಂಚೆ ನೆಂಟರಿಷ್ಟರು ಬರ್ತಾರೆ. ಅವರಿಗೇನಂತೀರಿ?"

ಮೊದಲು ಕೇಳಿದವನು ಹೋಟೆಲಿನ ಸಿದ್ದಣ್ಣ. "ಎಷ್ಟಾಯ್ತಣ್ಣ?" ಕಲ್ಲೇಶಪ್ಪನವರು ಕೊಂಚವೂ ತಡವರಿಸಲಿಲ್ಲ. "ಇಪ್ಪತ್ನಾಲ್ಕು ಸಾವಿರದ ಐನೂರು. ಹಾಸನದಿಂದ ತರಿಸಿದ್ದು." ಬರೀ ಇಪ್ಪತ್ತೈದು ಸಾವಿರ ಎಂದಿದ್ದರೆ ಸಿದ್ದಣ್ಣ ನಕ್ಕು ಸುಮ್ಮನಾಗುತ್ತಿದ್ದನೇನೋ. ಆ ಐನೂರು ಕೇಳಿ ನಂಬಿಬಿಟ್ಟ. ಜುಗ್ಗನೆಂದು ಹೆಸರಾದವರು ಹೀಗೆ ಕೈ ಬಿಚ್ಚಿ ಖರ್ಚು ಮಾಡಿದ್ದು ಊರಿಗೇ ಸುದ್ದಿಯಾಯಿತು. ಕೇಳಿದವರಿಗೆಲ್ಲ ಅದೇ ಲೆಕ್ಕ ಹೇಳಿ ಹೇಳಿ, ಆರು ತಿಂಗಳಲ್ಲಿ ಕಲ್ಲೇಶಪ್ಪನವರಿಗೇ ಆ ದುಡ್ಡು ನಿಜವಾಗಿಯೂ ಕೈಬಿಟ್ಟುಹೋದಂತೆ ಅನ್ನಿಸತೊಡಗಿತು. ಕಾಂಪೌಂಡಿನ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತಿದ್ದವರು ಅತ್ತ ಬರುವುದನ್ನು ಬಿಟ್ಟರು. ಕಣದಲ್ಲಿ ಒಣಹಾಕಿದ ಮೆಣಸು ಒಂದು ಕಾಳೂ ಕದಲಲಿಲ್ಲ.

ಇನ್ನು ನಿಂಗನ ವಿಷಯ. ನಿಂಗ ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಬರುತ್ತಿದ್ದವನು. ನೆರಳುಮರಗಳ ಕೊಂಬೆ ಸವರುವುದು, ಏಣಿ ಹಾಕಿ ಮೆಣಸು ಕುಯ್ಯುವುದು, ದನದ ಕೊಟ್ಟಿಗೆ, ಎಲ್ಲಕ್ಕೂ ಅವನೇ. ಕ್ಯಾಮೆರಾ ಬಂದ ಹೊಸದರಲ್ಲಿ ಕಲ್ಲೇಶಪ್ಪನವರು ತಮಾಷೆಗೆ, "ನೋಡ್ಕೊಂಡಿರು ನಿಂಗ, ಇನ್ಮೇಲೆ ಅದು ನಿನ್ನನ್ನೇ ನೋಡ್ತಿರ್ತದೆ" ಎಂದಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ನಿಂಗ ಸಂಜೆ ಮನೆಗೆ ಹೊರಡುವ ಮುಂಚೆ ಅಂಗಳದ ನಡುವೆ ನಿಂತು, ಬುತ್ತಿಯ ಡಬ್ಬಿ ತೆಗೆದು ತೋರಿಸುವನು. ಟವೆಲು ಕೊಡವುವನು. ಆಡಿಗೆಂದು ಸೊಪ್ಪು ಒಯ್ಯುವ ಚೀಲವಿದ್ದರೆ ಬಾಯಿ ಬಿಚ್ಚಿ, ಕ್ಯಾಮೆರಾದ ಕಡೆಗೆ ಎತ್ತಿ ಹಿಡಿದು, "ನೋಡ್ಕಳಪ್ಪ, ಏನೂ ಇಲ್ಲ" ಎನ್ನುವನು. ಆಮೇಲೆ ಒಳಕ್ಕೆ ಕೇಳುವಂತೆ, "ಬತ್ತೀನಿ ಬುದ್ಧಿ."

ಮೊದಮೊದಲು ಕಲ್ಲೇಶಪ್ಪನವರು ಕಿಟಕಿಯ ಹಿಂದೆ ನಿಂತು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಚನ್ನಬಸಮ್ಮ ನಗಲಿಲ್ಲ.

"ಪಾಪ, ಅವನಿಗಾದ್ರೂ ಹೇಳ್ಬಿಡ್ರೀ."

"ಅವನಿಗೆ ಹೇಳೋದೂ ಒಂದೇ, ಊರಿಗೆ ಡಂಗುರ ಹೊಡೆಸೋದೂ ಒಂದೇ."

ಬರುಬರುತ್ತ ನಗುವೂ ಸವೆಯಿತು, ನೋಡುವುದೂ ನಿಂತಿತು. ಸಂಜೆ "ಬತ್ತೀನಿ ಬುದ್ಧಿ" ಕೇಳಿದರೆ ಟೀವಿಯಿಂದ ಕತ್ತು ತಿರುಗಿಸದೆ "ಹ್ಞೂ" ಎನ್ನುವರು. ಅದು ಬರೀ ಡಬ್ಬಿ ಎಂದು ಊರಲ್ಲಿ ಗೊತ್ತಿದ್ದವರು ಇಬ್ಬರೇ, ಗಂಡ ಹೆಂಡತಿ. ಆದರೂ ನೋಡಿಕೊಳ್ಳುವ ಕೆಲಸ ಅದರದೇ ಎಂಬಂತೆ ಕಲ್ಲೇಶಪ್ಪನವರು ಇದ್ದುಬಿಟ್ಟರು.

ಮರುವರ್ಷದ ಕುಯ್ಲಿನಲ್ಲಿ, ಒಂದು ಗುರುವಾರ ಸಂಜೆ, ಪಕ್ಕದ ಎಸ್ಟೇಟಿನ ಕುಶಾಲಪ್ಪನವರ ಕಣದಿಂದ ಮೂವತ್ತೈದು ಕೆಜಿ ಒಣಮೆಣಸು ಹೋಯಿತು. ಆ ಹೊತ್ತಿಗೆ ನಿಂಗ ಹೆಗಲ ಮೇಲೆ ತುಂಬಿದ ಚೀಲ ಹೊತ್ತು ಕಣದ ಪಕ್ಕದ ದಾರಿಯಲ್ಲಿ ಹೋದದ್ದನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕಂಡಿದ್ದರು. ಶುಕ್ರವಾರ ಬೆಳಿಗ್ಗೆ ನಿಂಗನನ್ನು ಠಾಣೆಗೆ ಕರೆದೊಯ್ದರು. ನಿಂಗ ಹೆದರಲಿಲ್ಲವಂತೆ. "ಚೀಲದಲ್ಲಿದ್ದಿದ್ದು ಹಲಸಿನ ಸೊಪ್ಪು ಸ್ವಾಮಿ. ನಮ್ ಬುದ್ಧಿಯೋರ ಅಂಗಳದಾಗೇ ಚೀಲ ತುಂಬಿತ್ತು. ಕ್ಯಾಮೆರಾಕ್ಕೆ ತೋರಿಸೇ ಬಂದಿದೀನಿ, ತೆಗೆದು ನೋಡಿ" ಎಂದನಂತೆ.

ದಫೇದಾರರ ಜೊತೆ ಕುಶಾಲಪ್ಪನವರೇ ಬಂದರು. ಹಿಂದೆ ಸಿದ್ದಣ್ಣ, ಅವನ ಹಿಂದೆ ಏಳೆಂಟು ಮಂದಿ. ಕುಶಾಲಪ್ಪನವರು ಕೆಟ್ಟವರಲ್ಲ. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು.

"ನೋಡಿ ಕಲ್ಲೇಶಪ್ಪನವರೇ, ಬಡವನ ಮೇಲೆ ಸುಳ್ಳು ಕೇಸು ಹಾಕೋ ಆಸೆ ನನಗಿಲ್ಲ. ನಿಮ್ಮ ಅಂಗಳ ಬಿಡುವಾಗಲೇ ಅವನ ಚೀಲದ ತುಂಬ ಸೊಪ್ಪಿತ್ತು ಅಂತ ಕ್ಯಾಮೆರಾದಲ್ಲಿ ಕಂಡ್ರೆ ಸಾಕು, ಕಂಪ್ಲೇಂಟು ಈಗಲೇ ವಾಪಸ್ ತಗೊಳ್ತೀನಿ."

ಎಲ್ಲರೂ ಮೇಲೆ ನೋಡಿದರು. ಕೆಂಪು ದೀಪ ಮಿಣುಕುತ್ತಿತ್ತು. ಮೊನ್ನೆಯಷ್ಟೇ ಹೊಸ ಸೆಲ್ಲು ಹಾಕಿದ್ದರು.

ಆಗ ನಿಜ ಹೇಳಿದ್ದರೆ? ಹತ್ತು ಜನ ನಗುತ್ತಿದ್ದರು, ಅಷ್ಟೆ. ನಗುವಿಗೆ ಯಾರೂ ಸತ್ತದ್ದಿಲ್ಲ. ಆದರೆ ಒಂದು ವರ್ಷ ಎದೆಯುಬ್ಬಿಸಿ ಹೇಳಿದ ಲೆಕ್ಕ ಅಡ್ಡ ಬಂತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಚನ್ನಬಸಮ್ಮ ಹೇಳಿ ಎಂಬಂತೆ ಕಣ್ಣಲ್ಲೇ ಬೇಡಿದರು. ಕಲ್ಲೇಶಪ್ಪನವರು ಕೆಮ್ಮಿ, "ಅದು... ಗುರುವಾರದ್ದು ಅಳಿಸಿಹೋಗಿದೆ" ಎಂದರು.

"ಗುರುವಾರದ್ದು ಮಾತ್ರಾನಾ?" ದಫೇದಾರರು ಕೇಳಿದರು.

ಕಲ್ಲೇಶಪ್ಪನವರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. ಕುಶಾಲಪ್ಪನವರು ಅದನ್ನು ನೋಡಿ, ಅರ್ಥವಾಯಿತು ಎಂಬಂತೆ ತಲೆಯಾಡಿಸಿ ಹೋದರು.

ಅವರಿಗೆ ಅರ್ಥವಾದದ್ದೇನೆಂದು ಸಂಜೆ ಹೋಟೆಲಿನಲ್ಲಿ ತಿಳಿಯಿತು. "ನೀವು ದೊಡ್ಡ ಮನುಷ್ಯರು ಕಣಣ್ಣ" ಎಂದು ಸಿದ್ದಣ್ಣ ಟೀಯ ದುಡ್ಡೂ ತೆಗೆದುಕೊಳ್ಳಲಿಲ್ಲ. "ಕಣ್ಣಲ್ಲಿ ಕಂಡೂ ಅಳಿಸಿಬಿಟ್ರಿ. ಇಪ್ಪತ್ತು ವರ್ಷ ದುಡಿದವನು ಅಂತ ಅವನ ಮರ್ಯಾದೆ ಉಳಿಸಿದ್ರಿ. ಬೇರೆ ಯಾರು ಮಾಡ್ತಾರೆ?" ಊರು ತೀರ್ಪು ಕೊಟ್ಟಾಗಿತ್ತು. ನಿಂಗ ಕಳ್ಳ, ಕಲ್ಲೇಶಪ್ಪನವರು ಧರ್ಮಾತ್ಮರು. ಬಿಟ್ಟಿ ಸಿಕ್ಕಿದ ಟೀಯನ್ನು ಅವರು ಅರ್ಧಕ್ಕೇ ಬಿಟ್ಟು ಎದ್ದದ್ದು ಜೀವಮಾನದಲ್ಲಿ ಅದೇ ಮೊದಲು.

ಮರುದಿನ ಬೆಳಿಗ್ಗೆ ಡಬ್ಬಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಕುಶಾಲಪ್ಪನವರ ಬಂಗಲೆಗೆ ಹೋದರು. ಮೇಜಿನ ಮೇಲಿಟ್ಟು, ಮುಚ್ಚಳ ಬಿಚ್ಚಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕುಶಾಲಪ್ಪನವರು ಪೂರ್ತಿ ಕೇಳಿ, ಬೇಸರದಿಂದ ನಕ್ಕರು.

"ಇಂಥ ಆಟದ ಸಾಮಾನು ಪೇಟೆಯಲ್ಲಿ ಬೇಕಾದಷ್ಟು ಸಿಗ್ತದೆ ಕಲ್ಲೇಶಪ್ಪನವರೇ. ಅಸಲಿ ಎಲ್ಲಿಟ್ಟಿದ್ದೀರಿ?"

"ಅಸಲಿ ಇಲ್ಲವೇ ಇಲ್ಲ. ದೇವರಾಣೆ."

"ನೀವೇ ನನ್ನ ಹತ್ತಿರ ಹೇಳಿದ್ದಲ್ವಾ? ಇಪ್ಪತ್ನಾಲ್ಕು ಸಾವಿರದ ಐನೂರು. ಆ ಐನೂರೂ ನನಗೆ ನೆನಪಿದೆ. ಸುಳ್ಳು ಹೇಳೋನು ಐನೂರು ಸೇರಿಸ್ತಾನಾ?"

"ನಿಂಗ ಅಂಥವನಲ್ಲ ಸಾರ್."

"ಹೋಗಲಿ, ಅವತ್ತು ಅವನ ಚೀಲವನ್ನು ನೀವು ಕಣ್ಣಾರೆ ನೋಡಿದ್ರಾ? ಅದನ್ನೇ ಹೇಳಿ, ಸಾಕು."

ಕಲ್ಲೇಶಪ್ಪನವರಿಗೆ ನೆನಪಿದ್ದದ್ದು ಟೀವಿ ಮಾತ್ರ. ಹೊರಗಿನಿಂದ ಬಂದ "ಬತ್ತೀನಿ ಬುದ್ಧಿ", ಒಳಗಿನಿಂದ ಹೋದ "ಹ್ಞೂ". ಈಗೊಂದು ಸುಳ್ಳು ಬೇಕಾಗಿತ್ತು, ಆದರೆ ಇಷ್ಟು ದಿನ ಸಲೀಸಾಗಿ ಬರುತ್ತಿದ್ದ ಸುಳ್ಳು ಆಗ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಅಡಿಕೆ ಉಳಿಸಿದವರು ಒಬ್ಬರು, ಮಾನ ಹೋದದ್ದು ಇನ್ನೊಬ್ಬನದು.

ಮಾಲು ಸಿಗಲಿಲ್ಲವೆಂದು ನಿಂಗನನ್ನು ಭಾನುವಾರ ಬಿಟ್ಟರು. ಆದರೆ ಊರು ಬಿಡಲಿಲ್ಲ. ಅವನ ಹೆಂಡತಿಯನ್ನು ಕುಯ್ಲಿನ ಜೀಪಿಗೆ ಹತ್ತಿಸಿಕೊಳ್ಳಲಿಲ್ಲ. ಅಂಗಡಿಯವರು ಅವನನ್ನು ಕಂಡರೆ ಹೊರಗಿಟ್ಟ ಮೂಟೆಗಳನ್ನು ಒಳಗೆ ಎಳೆದುಕೊಂಡರು. ಎಂಟು ದಿನ ನೋಡಿ, ಚೆಟ್ಟಳ್ಳಿ ಕಡೆ ಯಾವುದೋ ಎಸ್ಟೇಟಿನ ಕೂಲಿಯವರ ಲೈನು ಮನೆಗೆ ಹೋಗುತ್ತೇವೆಂದು ಹೇಳಲು ಅವನು ಗಂಟು ಹೊತ್ತು ಬಂದ. ಹೆಂಡತಿ ಗೇಟಿನ ಹೊರಗೇ ನಿಂತಳು. ಅಂಗಳಕ್ಕೆ ಬಂದವನು ಅಭ್ಯಾಸ ಬಲದಿಂದ ಮೇಲೆ ನೋಡಿದ. ಗೋಡೆಯಲ್ಲಿ ಎರಡು ಮೊಳೆಯ ತೂತು, ಜೋತುಬಿದ್ದ ವೈರು.

ಕಲ್ಲೇಶಪ್ಪನವರು ಜಗಲಿಯಿಂದ ಇಳಿದು ಬಂದು ಎಲ್ಲವನ್ನೂ ಹೇಳಿದರು. ಡಬ್ಬಿಯ ವಿಷಯ, ಇನ್ನೂರೆಂಬತ್ತು ರೂಪಾಯಿಯ ವಿಷಯ, ಬೆಲ್ಲದ ಡಬ್ಬದ ಹಿಂದೆ ಮುಗಿದ ವೈರಿನ ವಿಷಯ. ಕುಶಾಲಪ್ಪನವರು ನಂಬದಿದ್ದದ್ದನ್ನು ನಿಂಗ ಕೇಳಿದ ಕೂಡಲೇ ನಂಬಿದ. ಅವರು ಹೇಳಿದ್ದನ್ನೆಲ್ಲ ಅವನು ಯಾವಾಗಲೂ ನಂಬುತ್ತಿದ್ದ.

"ಹಂಗಾರೆ ವರ್ಷವೆಲ್ಲ ನಾನು ಯಾರಿಗ್ ತೋರಿಸ್ತಿದ್ದೆ ಬುದ್ಧಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ. ಸಿಟ್ಟು ಮಾಡಿದ್ದರೆ ಕಲ್ಲೇಶಪ್ಪನವರಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅವರು ಒಳಗೆ ಹೋಗಿ ಬೀರು ತೆಗೆದು, ಎಣಿಸಿಟ್ಟಿದ್ದ ನೋಟಿನ ಕಟ್ಟು ತಂದರು.

"ಇದು ಇಟ್ಕೋ ನಿಂಗ. ಇಪ್ಪತ್ನಾಲ್ಕು ಸಾವಿರದ ಐನೂರಿದೆ."

ನಿಂಗ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡಿ ಬುದ್ಧಿ. ಕುಶಾಲಪ್ಪನೋರ ಮೆಣಸಿನ ದುಡ್ಡೂ ಹೆಚ್ಚೂಕಮ್ಮಿ ಇಷ್ಟೇ ಆಯ್ತದಂತೆ. ಇದು ನನ್ ಕೈಯಾಗೆ ಕಂಡ್ರೆ ಏನಂತಾರೆ?"

ಕಲ್ಲೇಶಪ್ಪನವರ ಚಾಚಿದ ಕೈ ಹಾಗೇ ಉಳಿಯಿತು. ಬಾಗಿಲಲ್ಲಿ ಚನ್ನಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ನಿಂಗ ಗಂಟನ್ನು ಅಂಗಳದಲ್ಲಿ ಇಳಿಸಿ ಬಿಚ್ಚಿದ. ಎರಡು ಅಂಗಿ, ಹೆಂಡತಿಯ ಸೀರೆ, ಮೂರು ತಟ್ಟೆ, ಒಂದು ಚೊಂಬು, ಮರ ಹತ್ತುವ ಹಗ್ಗ. ಒಂದೊಂದನ್ನೂ ತೆಗೆದು ಕೊಡವಿ ನೆಲದ ಮೇಲಿಟ್ಟ.

"ನೀವೇ ನೋಡ್ಕಳಿ ಬುದ್ಧಿ" ಎಂದ.

ಕಲ್ಲೇಶಪ್ಪನವರು ನೋಡಿದರು. ಆ ಮನೆಯದೆಂಬುದು ಅದರಲ್ಲಿ ಒಂದೂ ಇರಲಿಲ್ಲ. ನಿಂಗ ಎಲ್ಲವನ್ನೂ ಮತ್ತೆ ಕಟ್ಟಿ ಹೆಗಲಿಗೇರಿಸಿ, "ಬತ್ತೀನಿ ಬುದ್ಧಿ" ಎಂದು ಹೊರಟ. ಈ ಸಲ ಕಲ್ಲೇಶಪ್ಪನವರು "ಹ್ಞೂ" ಎನ್ನದೆ ಗೇಟಿನವರೆಗೂ ಅವನ ಹಿಂದೆ ನಡೆದರು.