ವಾರಕ್ಕೆ ಮೂರು ದಿನ

ಸ್ನಾನ ಮಾಡಿಸಿ ಗೋಡೆಗೊರಗಿಸಿ ಕೂರಿಸಿದ್ದ ತೋಂಟದಾರ್ಯ ಮೇಷ್ಟ್ರ ಶವದ ಎಡಗೈಯ ಬೆರಳುಗಳನ್ನು ಅಯ್ಯನವರು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಡುತ್ತಿದ್ದರು. ವಿಭೂತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಗುರುಶಾಂತಮ್ಮನವರ ಕಣ್ಣು ಆ ಅಂಗೈಯಲ್ಲೇ ನಿಂತುಹೋಯಿತು. ಅದು ಅವರಿಗೆ ಗೊತ್ತಿದ್ದ ಕೈ ಆಗಿರಲಿಲ್ಲ.

ಒಂದೇ ಪ್ರೈಮರಿ ಶಾಲೆಯಲ್ಲಿ ಒಂಬತ್ತು ವರ್ಷ ಅವರು ಮೇಷ್ಟ್ರ ಜೊತೆ ಪಾಠ ಮಾಡಿದ್ದರು. ಆಗ ಮೇಷ್ಟ್ರದು ಸೀಮೆಸುಣ್ಣ ಹಿಡಿದು ಹಿಡಿದು ಮೆತ್ತಗಾಗಿದ್ದ ಕೈ. ಹಾಜರಿ ಪುಸ್ತಕಕ್ಕೆ ಗೆರೆ ಹಾಕುವುದಕ್ಕಿಂತ ಭಾರದ ಕೆಲಸ ಮಾಡಿದ್ದಲ್ಲ. ಈಗ ಅಂಗೈ ತುಂಬ ದಡ್ಡುಗಟ್ಟಿತ್ತು. ಹೆಬ್ಬೆರಳ ಬುಡದಲ್ಲಿ ಮಾಗಿದ ಗಾಯ. ಉಗುರಿನ ಸಂದಿಯ ಕಂದು ಬಣ್ಣ ಬಿಸಿನೀರಿಗೂ ಬಿಟ್ಟಿರಲಿಲ್ಲ. ರಿಟೈರಾಗಿ ಐದು ವರ್ಷ ಮನೆಯಲ್ಲಿದ್ದವರ ಕೈ ಹೀಗೇಕಾಯಿತು?

ಹೂವಿನ ಬುಟ್ಟಿ ತಂದಿಟ್ಟ ಮೇಷ್ಟ್ರ ಮಗ ಮರುಳಸಿದ್ದಯ್ಯನನ್ನು ಅವರು ಮೆಲ್ಲಗೆ ಕೇಳಿದರು. "ಮೇಷ್ಟ್ರು ತೋಟದ ಕೆಲಸ ಏನಾದ್ರೂ ಮಾಡ್ತಿದ್ರೇನಪ್ಪ?"

"ಅಪ್ಪಾಜಿನಾ? ಎಲ್ಲಿ ಮೇಡಂ, ಗುದ್ದಲಿ ಮುಟ್ಟೋಕೂ ನಾನು ಬಿಡ್ತಿರಲಿಲ್ಲ. ವಾರಕ್ಕೆ ಮೂರು ದಿನ ತಿಪಟೂರಿಗೆ ಹೋಗ್ತಿದ್ರು, ಟ್ಯೂಷನ್ ಹೇಳಿಕೊಡೋಕೆ."

"ಯಾರ ಮನೇಲಿ?"

"ಯಾರೋ ಕೊಬ್ಬರಿ ಮಂಡಿಯೋರ ಮಕ್ಕಳಿಗೆ ಅಂತಿದ್ರು." ಹೇಳಿದವನೇ ತನಗೂ ಅದಕ್ಕಿಂತ ಹೆಚ್ಚು ಗೊತ್ತಿಲ್ಲವೆಂಬುದು ಈಗ ಹೊಳೆದಂತೆ ಒಂದು ಗಳಿಗೆ ನಿಂತ. ಯಾರೋ ಕರೆದರು, ಹೋದ.

ಟ್ಯೂಷನ್ ಹೇಳಿದರೆ ಕೈ ದಡ್ಡುಗಟ್ಟುವುದಿಲ್ಲ ಎಂದುಕೊಂಡರು ಗುರುಶಾಂತಮ್ಮ.

*

ಹನ್ನೆರಡು ದಿನದ ಹಿಂದೆ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕಿದ್ದರು. ಗುರುಶಾಂತಮ್ಮನವರಿಗೆ ಬರುವ ಜೂನ್ ಕೊನೆಗೆ ರಿಟೈರು. ಗಂಡ ತೀರಿಹೋಗಿ ಇಪ್ಪತ್ತೆರಡು ವರ್ಷ, ಮಕ್ಕಳಿಲ್ಲ. ಅಂದಿನಿಂದ ತಿಪಟೂರಿನಲ್ಲಿ ತಮ್ಮ ಸದಾಶಿವಯ್ಯನ ಮನೆಯಲ್ಲೇ ಇದ್ದರು. ತಮ್ಮ ಕೊಬ್ಬರಿ ವ್ಯಾಪಾರಿ, ಕೆಟ್ಟವನಲ್ಲ. "ಅಕ್ಕ, ನಿನ್ನ ಗ್ರಾಚ್ಯುಟಿ, ಪೆನ್ಷನ್ನಲ್ಲಿ ಮುಂಚೆನೇ ಕೈಗೆ ಬರೋ ಗಂಟು, ಎರಡನ್ನೂ ಅಂಗಡಿಗೆ ಹಾಕೋಣ. ನೀನು ಆರಾಮಾಗಿ ಕೂತ್ಕೊಂಡು ಉಣ್ಣು" ಎಂದಿದ್ದ. ಅದರಲ್ಲಿ "ಕೂತ್ಕೊಂಡು" ಎಂಬ ಮಾತು ಅವರಿಗೆ ಯಾಕೋ ಹಿಡಿಸಿರಲಿಲ್ಲ. ಇಲ್ಲವೆನ್ನಲು ಕಾರಣವೂ ಸಿಕ್ಕಿರಲಿಲ್ಲ.

ಅದನ್ನೇ ಮೇಷ್ಟ್ರ ಮುಂದೆ ತೋಡಿಕೊಂಡರು. ಮೇಷ್ಟ್ರು ಹೋಟೆಲಿಗೆ ಕರೆದೊಯ್ದು ಕಾಫಿ ಹೇಳಿದರು.

"ಕೊಡೋದು ಬಿಡೋದು ಆಮೇಲಿನ ಮಾತು ಗುರುಶಾಂತಮ್ಮ. ಜುಲೈ ಒಂದನೇ ತಾರೀಕು ಬೆಳಿಗ್ಗೆ ಎದ್ದು ಏನ್ ಮಾಡ್ತೀರಿ? ಅದನ್ನ ಹೇಳಿ ಮೊದಲು."

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ಗುರುಶಾಂತಮ್ಮ ಪ್ರಶ್ನೆಯನ್ನೇ ತಿರುಗಿಸಿದರು.

"ನೀವೇನ್ ಮಾಡ್ತೀರಿ ಮೇಷ್ಟ್ರೇ?"

ಮೇಷ್ಟ್ರು ಹುಡುಗರ ಹಾಗೆ ನಕ್ಕರು. "ಇಲ್ಲಿ ಹೇಳಿದ್ರೆ ನಗ್ತೀರಿ. ಒಂದು ಭಾನುವಾರ ಮನೆಗೆ ಬನ್ನಿ, ಹೇಳ್ತೀನಿ." ಜೇಬಿನಿಂದ ಎರಡು ರೂಪಾಯಿ ತೆಗೆದು, ಮಾಣಿ ಕೇಳುವ ಮೊದಲೇ ಟೇಬಲ್ಲಿನ ಮೇಲಿಟ್ಟರು. ಆ ನೋಟು ಇಡುವಾಗ ಅವರ ಮುಖದಲ್ಲಿದ್ದ ಗೆಲುವು ಎರಡು ಕಾಫಿಗೆ ಸ್ವಲ್ಪ ಹೆಚ್ಚೇ ಆಗಿತ್ತು.

ಮೊದಲ ಭಾನುವಾರ ಗುರುಶಾಂತಮ್ಮ ಏನೋ ಕೆಲಸವೆಂದು ತಪ್ಪಿಸಿಕೊಂಡರು. ಎರಡನೆಯ ಭಾನುವಾರಕ್ಕೆ ಮುಂಚಿನ ಶುಕ್ರವಾರ ಬೆಳಗಿನ ಜಾವ ಮೇಷ್ಟ್ರು ಎದೆನೋವೆಂದು ಎದ್ದು ಕೂತವರು ಹಾಗೇ ಹೋಗಿಬಿಟ್ಟರು.

*

ಹನ್ನೊಂದು ಗಂಟೆಗೆ ಹೆಣ ಹೊರುವ ವಿಮಾನ ಕಟ್ಟಿ ಮುಗಿಯಿತು. ಬಿದಿರಿನ ಚೌಕಟ್ಟಿಗೆ ಚೆಂಡುಹೂ, ಎಳೆಯ ತೆಂಗಿನ ಗರಿ. ಮೇಷ್ಟ್ರನ್ನು ಅದರೊಳಗೆ ಕೂರಿಸುವ ಹೊತ್ತಿಗೆ ಟ್ರಾಕ್ಟರೊಂದು ಬೇಲಿಯ ಹತ್ತಿರ ನಿಂತಿತು. ಹಿಂದಿನ ಟ್ರೇಲರಿನಿಂದ ಎಂಟು ಹತ್ತು ಜನ ಇಳಿದರು. ಗಂಡಸರ ತಲೆಗೆ ಟವೆಲು, ಹೆಂಗಸರ ಸೀರೆಯ ತುಂಬ ನಾರಿನ ಧೂಳು. ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವರು. ಅಂಗಳಕ್ಕೆ ಬರದೆ ಹುಣಸೆಮರದ ಕೆಳಗೆ ಗುಂಪಾಗಿ ನಿಂತರು.

ಮರುಳಸಿದ್ದಯ್ಯ ಅವರ ಹತ್ತಿರ ಹೋದ. "ಯಾವೂರು? ಯಾರು ಬೇಕಿತ್ತು?"

ಮುಂದಿದ್ದ ಗಟ್ಟಿಮುಟ್ಟಾದ ಆಳು ಟವೆಲು ತೆಗೆದ. "ಹಾಲ್ಕುರಿಕೆ ಕಡೆಯೋರು ಸ್ವಾಮಿ. ನಾನು ಬೋರಯ್ಯ ಅಂತ, ಕಾಯಿ ಸುಲಿಯೋ ತಂಡದ ಮೇಸ್ತ್ರಿ. ಮೇಷ್ಟ್ರಿಗೆ ಒಂದ್ ಹೆಗಲು ಕೊಡೋಣ ಅಂತ ಬಂದೋ."

"ನಿಮಗೂ ಅಪ್ಪಾಜಿಗೂ ಏನು?"

ಬೋರಯ್ಯ ತಲೆ ಕೆರೆದುಕೊಂಡ. ಹೇಳಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಚಿಕ್ಕಗಂಗಮ್ಮ ಎಂಬ ಹೆಂಗಸಿಗೆ ಆ ತಾಳ್ಮೆ ಇರಲಿಲ್ಲ. "ಏನು ಅಂದ್ರೆ? ಮೂರ್ ವರ್ಷ ನಮ್ ಜೊತೇಲಿ ಕೂತು ಕಾಯಿ ಆರಿಸವ್ರೆ ಕಣಪ್ಪ. ನೆನ್ನೆ ಬತ್ತಾರೆ ಅಂತ ಕಾದೋ, ಬರ್ಲಿಲ್ಲ. ಸಂಜಿಕೆ ಸುದ್ದಿ ಬಂತು."

"ಮೇಷ್ಟ್ರು ಕೂಲಿಗೆ ಹೋಗ್ತಿದ್ರಾ?" ಎಂದು ಯಾರೋ ನೆಂಟರು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿತು. ಮರುಳಸಿದ್ದಯ್ಯನ ಮುಖ ಕಪ್ಪಿಟ್ಟಿತು. "ಯಾರನ್ನೋ ನೋಡಿ ಯಾರೋ ಅಂದ್ಕೊಂಡಿದೀರಿ" ಎಂದ.

"ಇಲ್ಲ ಕಣೋ, ನಿಮ್ಮಪ್ಪನೇ" ಎಂದರು ವಿಮಾನದ ಪಕ್ಕ ಕೂತಿದ್ದ ಮೇಷ್ಟ್ರ ಹೆಂಡತಿ ಸುವರ್ಣಮ್ಮ. "ಮೂವತ್ತು ವರ್ಷ ಅವರ ಅಂಗಿಯಿಂದ ಸೀಮೆಸುಣ್ಣದ ಧೂಳು ಒಗ್ದೋಳು ನಾನು. ನಾರಿನ ಧೂಳು ಯಾವುದು ಅಂತ ಗೊತ್ತಾಗಲ್ವಾ?"

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ಅವ್ವ? ನಾನು ಏನ್ ಕಮ್ಮಿ ಮಾಡಿದ್ದೆ?"

"ಏನೂ ಕಮ್ಮಿ ಮಾಡಿರ್ಲಿಲ್ಲ ಕಣಪ್ಪ." ಸುವರ್ಣಮ್ಮ ಬೋರಯ್ಯನ ಕಡೆ ತಿರುಗಿದರು. "ಬನ್ನಿ, ಹೆಗಲು ಕೊಡಿ. ದೂರ ನಿಂತ್ಕೋಬ್ಯಾಡಿ."

ಮಗ ಅಡ್ಡ ಬರಲಿಲ್ಲ. ವಿಮಾನದ ಮುಂದಿನ ಎಡಗಂಬಕ್ಕೆ ಮರುಳಸಿದ್ದಯ್ಯ, ಬಲಗಂಬಕ್ಕೆ ಬೋರಯ್ಯ ಹೆಗಲು ಕೊಟ್ಟರು. ಬೋರಯ್ಯ ಎತ್ತರದ ಆಳು. ಮೇಷ್ಟ್ರು ಒಂದು ಕಡೆ ವಾಲದಂತೆ ಅವನು ತೋಟದವರೆಗೂ ಮಂಡಿ ಬಗ್ಗಿಸಿಕೊಂಡೇ ನಡೆದ.

*

ತೋಟದ ಮೂಲೆಯಲ್ಲಿ ಗುಣಿ ಸಿದ್ಧವಿತ್ತು. ಅಯ್ಯನವರು ಮಂತ್ರ ಹೇಳಿದರು. ಬಿಲ್ವಪತ್ರೆ, ವಿಭೂತಿ, ಉಪ್ಪು, ಆಮೇಲೆ ಎಲ್ಲರ ಕೈಯಿಂದ ಹಿಡಿ ಹಿಡಿ ಮಣ್ಣು. ಹಿಂತಿರುಗುವಾಗ ಗುರುಶಾಂತಮ್ಮ ಬೇಕೆಂದೇ ಬೋರಯ್ಯನ ಜೊತೆ ಹೆಜ್ಜೆ ಹಾಕಿದರು.

"ನಿಮ್ಮ ಹತ್ರ ಹೆಂಗೆ ಬಂದ್ರಪ್ಪ ಅವರು? ನನಗೆ ಪೂರ್ತಿ ಹೇಳಿ."

ಬೋರಯ್ಯನಿಗೂ ಯಾರಾದರೂ ಕೇಳಲಿ ಎಂದಿತ್ತೇನೋ. ಬಾವಿಕಟ್ಟೆಯ ಹತ್ತಿರ ನಿಂತ.

*

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ತಂಡ ಹಾಲ್ಕುರಿಕೆ ಹತ್ತಿರದ ತೋಟವೊಂದರಲ್ಲಿ ಅಟ್ಟದಿಂದ ಒಣಗಾಯಿ ಇಳಿಸುತ್ತಿತ್ತು. ಕೊಡೆ ಹಿಡಿದ ಮೇಷ್ಟ್ರು ದಾರಿಯಲ್ಲಿ ಬಂದರು. ಬೋರಯ್ಯ ಗುರುತು ಹಿಡಿದು ಕೈಮುಗಿದ. ನಾಲ್ಕನೇ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿ, ಮೇಷ್ಟ್ರ ಶಿಕ್ಷೆಗೆ ಬೆಂಚಿನ ಮೇಲೆ ನಿಂತು, ಶಾಲೆ ಬಿಟ್ಟವನು ಅವನು.

ಮೇಷ್ಟ್ರು ನೆರಳಲ್ಲಿ ಕೂತು ಬಹಳ ಹೊತ್ತು ನೋಡಿದರು. ಬೋರಯ್ಯ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಈ ರಾಶಿಗೊಂದು ಆ ರಾಶಿಗೊಂದು ಎಸೆಯುತ್ತಿದ್ದ.

"ಏನು ಕೇಳ್ಸುತ್ತೋ ಅದರಲ್ಲಿ?"

"ಒಳಗಿನ ಕೊಬ್ಬರಿ ಕರಟ ಬಿಟ್ಟೈತೋ ಇಲ್ವೋ ಅಂತ ಗೊತ್ತಾಯ್ತದೆ ಮೇಷ್ಟ್ರೇ. ಬಿಟ್ಟಿದ್ರೆ ಗಡಗಡ ಅಂತದೆ. ನೀರಿದ್ರೆ ಬ್ಯಾರೆ ಸದ್ದು. ಅವಸರ ಬಿದ್ದು ಒಡೆದ್ರೆ ಹಸಿ ಕೊಬ್ಬರಿ, ಕೊಳ್ಳೋರಿಲ್ಲ."

ಮೇಷ್ಟ್ರು ಕೊಡೆ ಮಡಚಿದರು. "ನನಗೆ ಕಲಿಸ್ತೀಯಾ? ವಾರಕ್ಕೆ ಮೂರು ದಿನ ಬತ್ತೀನಿ, ಮಧ್ಯಾಹ್ನದವರೆಗೆ. ಕಲಿಯೋವರ್ಗೂ ಕೂಲಿ ಬ್ಯಾಡ. ಕಲಿತ ಮೇಲೆ ಎಲ್ಲರಿಗೂ ಕೊಟ್ಟಂಗೆ ಕೊಡು."

ಬೋರಯ್ಯ ತಮಾಷೆ ಎಂದುಕೊಂಡು ಇಪ್ಪತ್ತು ಕಾಯಿ ಮುಂದಿಟ್ಟ. ಮೇಷ್ಟ್ರು ಕಣ್ಣು ಮುಚ್ಚಿ ಒಂದೊಂದನ್ನೇ ಅಲ್ಲಾಡಿಸಿ ಆರಿಸಿದರು. ಒಡೆದು ನೋಡಿದರೆ ಒಂಬತ್ತು ತಪ್ಪು. "ಫೇಲು ಮೇಷ್ಟ್ರೇ" ಎಂದ ಬೋರಯ್ಯ, ಎಂದವನೇ ನಾಲಿಗೆ ಕಚ್ಚಿಕೊಂಡ. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರುದಿನ ಮೊದಲ ಬಸ್ಸಿಗೇ ಬಂದಿದ್ದರು.

ಎರಡು ತಿಂಗಳಿಗೆ ಕಿವಿ ಕೂತಿತು. ಸುಲಿಯುವುದನ್ನೂ ಕಲಿಯುತ್ತೇನೆಂದು ಹಠ ಹಿಡಿದು ಹೆಬ್ಬೆರಳು ಕೊಯ್ದುಕೊಂಡರು. "ಮೂವತ್ತಾರು ವರ್ಷ ನಾನೇ ಮಾತಾಡಿದೆ ಕಣೋ ಬೋರ, ನೀವೆಲ್ಲ ಸುಮ್ನೆ ಕೇಳಿದ್ರಿ. ಈಗ ನಾನು ಕೇಳ್ತೀನಿ" ಎನ್ನುತ್ತಿದ್ದರಂತೆ.

*

"ಕೂಲಿ ದುಡ್ಡು ಏನ್ ಮಾಡ್ತಿದ್ರು?" ಎಂದರು ಗುರುಶಾಂತಮ್ಮ. ಕೂಡಿಟ್ಟಿರಬಹುದು, ಬಡ ಮಕ್ಕಳಿಗೆ ಪುಸ್ತಕ ಕೊಡಿಸಿರಬಹುದು ಎಂದು ಅವರ ಮನಸ್ಸು ಲೆಕ್ಕ ಹಾಕುತ್ತಿತ್ತು.

ಚಿಕ್ಕಗಂಗಮ್ಮ ಮಧ್ಯೆ ಬಾಯಿ ಹಾಕಿದಳು. "ಅಯ್ಯೋ, ಖರ್ಚು ಮಾಡೋರು ಕಣ್ರವ್ವ! ನಮಗೆಲ್ಲ ಬೋಂಡ ಕೊಡ್ಸೋರು. ಒಂದ್ಸಲ ರೈಲು ಹತ್ತಿ ಅರಸೀಕೆರೆಗಂಟ ಹೋಗಿ ಸುಮ್ನೆ ವಾಪಸ್ ಬಂದ್ರಂತೆ. ಯಾಕೆ ಮೇಷ್ಟ್ರೇ ಅಂದ್ರೆ, ಹೋಗ್ಬೇಕು ಅನ್ನಿಸ್ತು ಹೋದೆ, ಯಾರನ್ನೂ ಕೇಳ್ಲಿಲ್ಲ ಅಂದ್ರು."

ಮನೆಯ ಹಿತ್ತಿಲಲ್ಲಿ ಕೈಕಾಲು ತೊಳೆಯುವಾಗ ಸುವರ್ಣಮ್ಮನೇ ಹತ್ತಿರ ಬಂದು ಉಳಿದದ್ದನ್ನು ಹೇಳಿದರು. ರಿಟೈರಾದಾಗ ಬಂದ ಗಂಟು ಪೂರ್ತಿ ಮಗನ ಕೈಗೆ ಕೊಟ್ಟು ಮೇಷ್ಟ್ರು ಮನೆಗೆ ತಾರಸಿ ಹಾಕಿಸಿದ್ದರು. ಪೆನ್ಷನ್ನನ್ನೂ ತಿಂಗಳು ತಿಂಗಳು ಮಗನಿಗೇ ಕೊಡುತ್ತಿದ್ದರು. ಮಗ ಸೊಸೆ ಇಬ್ಬರೂ ಒಳ್ಳೆಯವರು, ಯಾವುದಕ್ಕೂ ಇಲ್ಲವೆಂದವರಲ್ಲ.

"ಒಂದಿನ ತುರುವೇಕೆರೇಲಿ ಯಾರದೋ ಮದುವೆ. ಬಸ್ಸಿಗೆ ಎರಡು ರೂಪಾಯಿ ಬೇಕಿತ್ತಲ್ಲಮ್ಮ ಅಂತ ಸೊಸೇನ ಕೇಳಿದ್ರು. ಅವಳು ತಕ್ಷಣ ಐದು ಕೊಟ್ಳು. ಚಿಲ್ಲರೆ ವಾಪಸ್ ಬ್ಯಾಡ ಮಾವ, ನೀವೇ ಇಟ್ಕೊಳ್ಳಿ ಅಂದ್ಳು. ಪ್ರೀತಿಯಿಂದಲೇ ಅಂದ್ಳು ಕಣಮ್ಮ. ಇವರು ಬಸ್ ಸ್ಟಾಪಿಗೆ ಹೋಗಿ ಕೂತಿದ್ದು, ಬಸ್ಸು ಬಂದ್ರೂ ಹತ್ತದೆ ವಾಪಸ್ ಬಂದ್ರು. ಐದು ರೂಪಾಯಿ ಅವಳಿಗೇ ಕೊಟ್ರು. ಆ ವಾರವೇ ಕೊಡೆ ತಗೊಂಡು ಹೊರಟಿದ್ದು."

"ನೀವು ಕೇಳ್ಲಿಲ್ವಾ ಅಕ್ಕ, ಎಲ್ಲಿಗೆ ಅಂತ?"

"ಕೇಳಿದ್ರೆ ಸುಳ್ಳು ಹೇಳ್ಬೇಕಾಗ್ತಿತ್ತು ಅವರು. ಮಗನಿಗೆ ಟ್ಯೂಷನ್ ಅಂದಿದ್ದೇ ಕಷ್ಟಪಟ್ಟು. ಪಾಪ, ಸುಳ್ಳು ಬರ್ತಿರ್ಲಿಲ್ಲ ಅವರಿಗೆ."

*

ಮೂರು ಗಂಟೆಯ ಬಸ್ಸಿಗೆ ಸದಾಶಿವಯ್ಯ ಅಕ್ಕನನ್ನು ಕಾಯುತ್ತಾ ರಸ್ತೆಯಲ್ಲಿ ನಿಂತಿದ್ದ. ಅವನೂ ಮಣ್ಣಿಗೆ ಬಂದಿದ್ದ. ಕತೆ ಅವನಿಗೂ ಮುಟ್ಟಿತ್ತು.

"ವಿಚಿತ್ರ ನೋಡಕ್ಕ. ಬೋರಯ್ಯನ ತಂಡ ಆರಿಸಿದ ಮಾಲು ಅಂದ್ರೆ ಎರಡು ವರ್ಷದಿಂದ ನಾನು ಚೀಲ ಬಿಚ್ಚಿಯೂ ನೋಡಲ್ಲ. ಅದು ಈ ಮೇಷ್ಟ್ರ ಕಿವಿ ಅಂತ ಯಾರಿಗೆ ಗೊತ್ತಿತ್ತು!" ಆಮೇಲೆ ಜೇಬು ಮುಟ್ಟಿಕೊಂಡ. "ನಿನ್ನ ಪೆನ್ಷನ್ ಅರ್ಜಿ ತಂದಿದೀನಿ. ಇವತ್ತು ಬ್ಯಾಡ ಬಿಡು, ನಾಳೆ ಸಹಿ ಹಾಕಿದ್ರಾಯ್ತು."

"ಸಹಿ ಹಾಕ್ತೀನಿ" ಎಂದರು ಗುರುಶಾಂತಮ್ಮ. "ಆದ್ರೆ ಬರೋದ್ರಲ್ಲಿ ಮೂರರಲ್ಲಿ ಒಂದು ಪಾಲು ನಿನ್ನ ಅಂಗಡಿಗೆ. ಉಳಿದಿದ್ದು ಪೋಸ್ಟಾಫೀಸಿನಲ್ಲಿ, ನನ್ನ ಹೆಸರಲ್ಲಿ. ಪೆನ್ಷನ್ನೂ ನನ್ನ ಕೈಲೇ ಇರುತ್ತೆ. ಊಟದ ಖರ್ಚು ನಿನಗೆ ತಿಂಗಳಿಗೆ ಇಷ್ಟು ಅಂತ ಕೊಡ್ತೀನಿ."

ಸದಾಶಿವಯ್ಯನಿಗೆ ನೋವಾಯಿತು. "ಊಟಕ್ಕೆ ದುಡ್ಡು ತಗೋತೀನಾ ನಾನು? ನಾನೇನ್ ನಿನ್ನ ಬಿಟ್ಬಿಡ್ತೀನಾ ಅಕ್ಕ? ನಿನಗೆ ಯಾತಕ್ಕೆ ಅಷ್ಟು ದುಡ್ಡು?"

"ಯಾತಕ್ಕೆ ಅಂತ ಗೊತ್ತಿಲ್ಲ ಕಣೋ ಸದಾಶಿವ. ಅದನ್ನೇ ನೋಡ್ಬೇಕು."

ಅಷ್ಟರಲ್ಲಿ ಟ್ರಾಕ್ಟರು ಹಿಂದೆ ಸದ್ದು ಮಾಡುತ್ತಾ ಬಂತು. ಗುರುಶಾಂತಮ್ಮ ರಸ್ತೆಗಿಳಿದು ಕೈ ಅಡ್ಡ ಹಿಡಿದರು. "ತಿಪಟೂರಿನ ಮೇಲೆ ತಾನೆ ಹೋಗೋದು? ನಾನೂ ಬತ್ತೀನಿ."

"ಅಮ್ಮೋರೆ, ಇದು ಮೈಯೆಲ್ಲಾ ಕುಲುಕ್ತದೆ" ಎಂದ ಬೋರಯ್ಯ ಗಾಬರಿಯಿಂದ.

"ಕುಲುಕ್ಲಿ ಬಿಡಿ."

"ಅಕ್ಕ, ಬಸ್ಸು ಇನ್ನೇನು ಬಂದೇಬಿಡ್ತದೆ!" ಎಂದ ಸದಾಶಿವಯ್ಯ. ಅವರು ಆಗಲೇ ಸೀರೆಯ ನೆರಿಗೆ ಎತ್ತಿ ಟೈರಿನ ಮೇಲೆ ಒಂದು ಕಾಲಿಟ್ಟಿದ್ದರು. ಮೇಲಿನಿಂದ ಚಿಕ್ಕಗಂಗಮ್ಮ ಎರಡೂ ಕೈ ಹಿಡಿದು ಎಳೆದುಕೊಂಡಳು. ಗೋಣಿಚೀಲದ ಮೇಲೆ ಕೂತಿದ್ದ ಹೆಂಗಸರು ಸರಿದು ಜಾಗ ಮಾಡಿದರು. ಎಳೆದ ರಭಸಕ್ಕೆ ಗುರುಶಾಂತಮ್ಮನವರ ಬಲಗಾಲಿನ ಚಪ್ಪಲಿ ಕಳಚಿ ರಸ್ತೆಗೆ ಬಿತ್ತು. ಮುಂದೆ ಕೂತ ಡ್ರೈವರಿಗೆ ಅದು ಕಾಣಲಿಲ್ಲ, ಟ್ರಾಕ್ಟರು ಹೊರಟಿತು.

ಸದಾಶಿವಯ್ಯ ಚಪ್ಪಲಿ ಎತ್ತಿಕೊಂಡು ನಾಲ್ಕು ಹೆಜ್ಜೆ ಓಡಿ ನಿಂತ. ಧೂಳಿನಾಚೆ ಟ್ರೇಲರಿನಲ್ಲಿ ಅವನ ಅಕ್ಕ ಒಂದು ಬರಿಗಾಲನ್ನು ಮುಂದಕ್ಕೆ ಚಾಚಿ, ಚಿಕ್ಕಗಂಗಮ್ಮನ ಕಡೆ ಬಾಗಿ ಏನೋ ಕೇಳುತ್ತಿದ್ದರು. ಹೆಂಗಸರೆಲ್ಲ ಒಟ್ಟಿಗೆ ಉತ್ತರ ಹೇಳುತ್ತಿದ್ದರು.